ಹಸಿರು ಚಿಂದಿ ಕಟ್ಟಿದ ಬೀಗ

ಆ ದಿನ ಬೆಳಿಗ್ಗೆ ನಾನು ಒಂದು ಕೋಟಿನ ಎಡತೋಳನ್ನು ಬಲಕ್ಕೂ ಬಲತೋಳನ್ನು ಎಡಕ್ಕೂ ಹೊಲಿದಿಟ್ಟೆ. ಅರ್ಧ ಆಯುಷ್ಯ ಹೊಲಿಗೆ ಮಿಷನ್ನಿನ ಮುಂದೆ ಕಳೆದವಳು ನಾನು. ಕಲಿಯಲು ಬರುವ ಹುಡುಗಿಯರೂ ಮಾಡದ ತಪ್ಪು ಅದು. ಗುಂಡಿ ಹಚ್ಚುತ್ತಾ ಕೂತಿದ್ದ ಅತ್ತೆ ಕನ್ನಡಕದ ಮೇಲಿನಿಂದ ನೋಡಿ, "ಈ ಕೋಟು ಹಾಕ್ಕೊಳ್ಳೋನು ಹಿಂದಕ್ಕೆ ನಡೀತಾನೇನೇ?" ಎಂದರು.

ನನಗೆ ನಗು ಬರಲಿಲ್ಲ. ಬ್ಲೇಡು ತೆಗೆದುಕೊಂಡು ಹೊಲಿಗೆ ಬಿಚ್ಚತೊಡಗಿದೆ. ಸಂಜೆಯೊಳಗೆ ನಾನು ಒಬ್ಬರಿಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಎರಡರಲ್ಲಿ ಯಾವುದನ್ನು ನೆನೆದರೂ ಹೆದರಿಕೆಯಾಗುತ್ತಿತ್ತು.

ಆ ಒಬ್ಬರು ನಮ್ಮ ಕಟ್ಟಡದ ಲಿಫ್ಟ್ ರಿಪೇರಿಯವರು. ಕಟ್ಟಡಕ್ಕೆ ಆರು ಮಹಡಿ. ನೆಲಮಹಡಿಯಲ್ಲಿ ಲಿಫ್ಟಿನ ಬಾಗಿಲ ಪಕ್ಕದಲ್ಲೇ ನನ್ನ ಟೈಲರಿಂಗ್ ಅಂಗಡಿ, ಐದನೆಯದರಲ್ಲಿ ನಮ್ಮ ಮನೆ. ಅತ್ತೆಯ ಮಂಡಿಗಳು ಮೆಟ್ಟಿಲಿನ ಜೊತೆ ಮಾತು ಬಿಟ್ಟು ಬಹಳ ಕಾಲವಾಯಿತು. ಲಿಫ್ಟೇ ಅವರ ಕಾಲು. ಹಾಗಾಗಿ ರಿಪೇರಿಯವರು ಬಂದಾಗಲೆಲ್ಲ ನಮ್ಮಲ್ಲಿ ಟೀ ಆಗುತ್ತಿತ್ತು. ಕಟ್ಟಡದವರೆಲ್ಲ ಅವರನ್ನು ಕರೆಯುವುದು ಲಿಫ್ಟಣ್ಣ ಅಂತ. ನಾನೂ ಮೊದಮೊದಲು ಹಾಗೇ ಕರೆಯುತ್ತಿದ್ದೆ. ಆಮೇಲೆ ಯಾವಾಗಲೋ 'ಅಣ್ಣ' ಉದುರಿ ಹೋಗಿ ಬರೀ 'ರೀ' ಉಳಿಯಿತು. ಯಾರ ಕಿವಿಗೂ ಬಿದ್ದಿಲ್ಲ ಎಂದು ನಾನು ನಂಬಿಕೊಂಡಿದ್ದೆ.

ಅವರ ಹೆಂಡತಿ ತೀರಿಕೊಂಡದ್ದು ಕೆಮ್ಮಿನಿಂದ ಶುರುವಾದ ಕಾಯಿಲೆಯಲ್ಲಿ. ಇದನ್ನು ಅವರು ನನಗೆ ಹೇಳಿದ್ದು ಒಂದೇ ಒಂದು ಸಲ. ಕಳೆದ ತಿಂಗಳು ಬಟ್ಟೆಯ ಧೂಳಿಗೆ ನಾಲ್ಕು ಸಲ ಕೆಮ್ಮಿದೆ ನೋಡಿ, ಮಾರನೆಯ ದಿನ ಮೂರು ಬಗೆಯ ಸಿರಪ್ಪು ಹೊತ್ತು ತಂದರು. "ಏನ್ರೀ, ಔಷಧಿ ಅಂಗಡಿ ಇಟ್ರಾ?" ಎಂದು ಬೈದು ಕಳಿಸಿದ್ದೆ.

ಹೋದ ವಾರ ಅತ್ತೆ ಮನೆಯಲ್ಲಿದ್ದಾಗ ಅವರು ಅಂಗಡಿಗೆ ಬಂದು ನನ್ನ ಮಿಷನ್ನಿನ ಸಡಿಲ ಚಕ್ರವನ್ನು ಬಿಗಿ ಮಾಡುತ್ತಾ, ಮುಖ ಎತ್ತದೆ ಕೇಳಿದರು: "ಟೈಲರಮ್ಮ, ನಾವಿಬ್ರೂ ಒಂದೇ ಮನೇಲಿ ಟೀ ಕುಡೀಬಹುದಲ್ವಾ?"

"ಟೀಗೆ ಮನೆ ಯಾಕೆ? ಇಲ್ಲೇ ಕುಡೀತಿದ್ದೀವಲ್ಲ."

"ನಾನು ಹೇಳಿದ್ದು ಬೆಳಗಿನ ಟೀ."

ನನ್ನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ಅವರ ಕಿವಿ ಕೆಂಪಾಗಿತ್ತು. "ಮದುವೆ ಅಂತಲೇ ಕೇಳ್ತಿದ್ದೀನಿ. ಮುಂದಿನ ವಾರ ಲಿಫ್ಟಿನ ತಳದ ಕೆಲಸ ಇದೆ, ಅವತ್ತು ಸಂಜೆ ಹೇಳಿ. ಇಲ್ಲ ಅಂದ್ರೂ ಲಿಫ್ಟ್ ರಿಪೇರಿ ನಿಲ್ಲಲ್ಲ, ಹೆದರಬೇಡಿ" ಎಂದು ಸ್ಪ್ಯಾನರು ಚೀಲಕ್ಕೆ ಹಾಕಿಕೊಂಡು ಹೋದರು.

ಹೆದರಬೇಡಿ ಅಂತೆ! ನನಗೆ ಅವರು ಬೇಕು. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಆದರೆ ಅವರ ಸ್ಕೂಟರು ಸ್ವಲ್ಪ ತಡವಾದರೆ ಸಾಕು, ನಾನು ಮನಸ್ಸಿನಲ್ಲೇ ಅವರನ್ನು ಲಾರಿಯ ಕೆಳಗೆ ಹಾಕಿ, ಆಸ್ಪತ್ರೆಗೆ ಸೇರಿಸಿ, ಡಾಕ್ಟರು ಹೊರಗೆ ಬಂದು ತಲೆ ಆಡಿಸುವವರೆಗೂ ಎಲ್ಲ ಮುಗಿಸಿ ಅತ್ತು ಕೂತಿರುತ್ತೇನೆ. ಅಷ್ಟರಲ್ಲಿ "ಟೀ ಇದ್ಯಾ?" ಎಂದು ಬಂದು ನಿಲ್ಲುತ್ತಾರೆ. ಬದುಕಿ ಬಂದದ್ದಕ್ಕೆ ನಾನು ಅವರಿಗೆ ಬೈಯುತ್ತೇನೆ. ಹಾವು ಕಚ್ಚಿಸಿಕೊಂಡವರಿಗೆ ಹಗ್ಗ ಕಂಡರೂ ಹಾವೇ. ಬರೀ ಟೀ ಸಂಬಂಧಕ್ಕೇ ಹೀಗಾದರೆ, ಹೂಂ ಅಂದ ಮೇಲೆ ದಿನಾ ಹೇಗೆ ಬದುಕಲಿ?

ನನ್ನ ಗಂಡ ಎಲೆಕ್ಟ್ರಿಷಿಯನ್. ಎಂಟು ವರ್ಷದ ಹಿಂದೆ ಒಂದು ದೊಡ್ಡ ಮಳಿಗೆಯ ತಳದಲ್ಲಿ ಮೇನ್ ಆಫ್ ಮಾಡಿ ವೈರು ಕೂಡಿಸುತ್ತಿದ್ದರು. ಮೇಲಿದ್ದ ಯಾರೋ ಕತ್ತಲಾಗಿದೆಯಲ್ಲ ಎಂದು ಮೇನ್ ಹಾಕಿದರು. ಕೆಟ್ಟ ಮನಸ್ಸಿನಿಂದಲ್ಲ, ಪಾಪ, ಬೆಳಕು ಬೇಕಿತ್ತು ಅಷ್ಟೆ. ನಾನು ಆ ಹೊತ್ತಿಗೆ ಒಬ್ಬರ ಮನೆಯಲ್ಲಿ ಅಳತೆ ನೋಡುತ್ತಿದ್ದೆ. ವಾಪಸು ಬಂದಾಗ ನಮ್ಮ ಕಟ್ಟಡದ ಮುಂದೆ ಜನ ಗುಂಪಾಗಿ ನಿಂತಿದ್ದರು. ನನ್ನನ್ನು ಕಂಡದ್ದೇ ಎಲ್ಲರೂ ಮಾತು ನಿಲ್ಲಿಸಿ ದಾರಿ ಬಿಟ್ಟರು. ಆ ದಾರಿ ಬಿಟ್ಟದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಅತ್ತೆಗೆ ಅವರೊಬ್ಬರೇ ಮಗ. ಅಂದಿನಿಂದ ಅತ್ತೆಗೆ ನಾನು, ನನಗೆ ಅತ್ತೆ. ನಾವಿಬ್ಬರೂ ಬೈದಾಡಿಕೊಂಡೇ ಒಬ್ಬರನ್ನೊಬ್ಬರು ಬದುಕಿಸಿಕೊಂಡೆವು. ಮಗನನ್ನು ಕಳೆದುಕೊಂಡವರ ಮುಂದೆ ನಿಂತು "ನಾನು ಇನ್ನೊಬ್ಬರನ್ನು ಮದುವೆಯಾಗಲಾ?" ಎಂದು ಯಾವ ಬಾಯಲ್ಲಿ ಕೇಳಲಿ?

ರಿಪೇರಿಯವರ ಮೇಲೆ ನನಗೆ ಮನಸ್ಸಾದದ್ದು ಹೇಗೆ ಎಂಬುದನ್ನೂ ಹೇಳಿಬಿಡುತ್ತೇನೆ. ಹೊಸದರಲ್ಲಿ ಒಮ್ಮೆ ಅವರು ಲಿಫ್ಟಿನ ಬಾಗಿಲು ತೆರೆದು ಒಳಗೆ ಇಳಿಯುವುದನ್ನು ಕಂಡು ನಾನು ಕಿರುಚಿಕೊಂಡಿದ್ದೆ. "ಮೇಲೆ ಯಾರಾದ್ರೂ ಸ್ವಿಚ್ ಹಾಕಿದ್ರೆ ಏನ್ರೀ ಗತಿ? ಮನೇಲಿ ಹೇಳೋರು ಕೇಳೋರು ಇಲ್ವಾ?" ಅವರು ನಗಲಿಲ್ಲ, ನನ್ನನ್ನು ತಾರಸಿಯ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದರು. ಆಫ್ ಮಾಡಿದ ಮೇನ್ ಸ್ವಿಚ್ಚಿನ ಹಿಡಿಗೆ ಕಬ್ಬಿಣದ ಒಂದು ಕೊಂಡಿ, ಕೊಂಡಿಯಲ್ಲಿ ಸಾಲಾಗಿ ತೂತುಗಳು, ಒಂದು ತೂತಿನಲ್ಲಿ ಅವರ ಕೆಂಪು ಬೀಗ.

"ಒಳಗೆ ಇಳಿಯೋ ಪ್ರತಿಯೊಬ್ಬನೂ ತನ್ನ ಬೀಗ ಹಾಕಿ ಇಳೀಬೇಕು. ಹತ್ತಿ ಬಂದ ಮೇಲೆ ಅವನೇ ತೆಗೀಬೇಕು. ಎಲ್ಲಾ ಬೀಗ ಹೋಗೋವರೆಗೂ ಈ ಹಿಡಿ ಮೇಲೇಳಲ್ಲ. ಇನ್ನೊಬ್ಬರ ಬೀಗ ಯಾರೂ ಮುಟ್ಟೋ ಹಾಗಿಲ್ಲ, ಯಜಮಾನ ಬಂದ್ರೂ ಅಷ್ಟೇ" ಎಂದು ಜೇಬಿನಿಂದ ಬೀಗದ ಕೈ ತೆಗೆದು ತೋರಿಸಿ ಮತ್ತೆ ಜೇಬಿಗಿಟ್ಟರು.

ಹೂವು ಕೊಟ್ಟು ಗೆಲ್ಲುವ ಗಂಡಸರು ಇರುತ್ತಾರಂತೆ. ಇವರು ನನ್ನನ್ನು ಬೀಗ ತೋರಿಸಿ ಗೆದ್ದರು.

ಅವತ್ತು, ಅಂದರೆ ನಾನು ತೋಳು ತಿರುವಿ ಹೊಲಿದ ದಿನ, ಅತ್ತೆ ಬೆಳಿಗ್ಗೆಯೇ ಲಿಫ್ಟಿನಲ್ಲಿ ಇಳಿದು ಅಂಗಡಿಗೆ ಬಂದು ಕೂತಿದ್ದರು. ಆಮೇಲೆ ರಿಪೇರಿಯವರು ಲಿಫ್ಟನ್ನು ಮೇಲೆ ನಿಲ್ಲಿಸಿ, ತಾರಸಿಗೆ ಹೋಗಿ ಬೀಗ ಹಾಕಿ, ಮೆಟ್ಟಿಲಿಳಿದು ಬಂದು ನೆಲಮಹಡಿಯ ಬಾಗಿಲಿನಿಂದ ಲಿಫ್ಟಿನ ತಳದ ಹೊಂಡಕ್ಕೆ ಇಳಿದರು. ಇಳಿಯುವ ಮುಂಚೆ ನನ್ನ ಕಡೆ ನೋಡಿದರು. ನಾನು ಸೂಜಿಗೆ ದಾರ ಪೋಣಿಸುವವಳಂತೆ ತಲೆ ತಗ್ಗಿಸಿದೆ. ದಾರ ಆಗಲೇ ಪೋಣಿಸಿಯಾಗಿತ್ತು.

ಒಳಗಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಸದ್ದು ಬರುತ್ತಿದ್ದರೆ ನನಗೆ ಉಸಿರು. ನಿಂತರೆ ನನ್ನದೂ ನಿಲ್ಲುತ್ತಿತ್ತು.

"ರೀ!" ಎಂದು ಕೂಗಿದೆ.

"ಇದ್ದೀನಿ" ಎಂದು ತಳದಿಂದ ಉತ್ತರ ಬಂತು.

ಸ್ವಲ್ಪ ಹೊತ್ತಿಗೆ ಮತ್ತೆ ನಿಂತಿತು. "ರೀ!"

"ಇದ್ದೀನಿ, ಟೈಲರಮ್ಮ. ಬೋಲ್ಟು ಹುಡುಕ್ತಿದ್ದೀನಿ."

ಅತ್ತೆ ಹಲ್ಲಿನಲ್ಲಿ ದಾರ ಕಡಿದು, "ಅವನನ್ನ ಕೆಲಸ ಮಾಡೋಕೆ ಬಿಡೇ" ಎಂದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದು ಕೋಟು ಅಳತೆ ನೋಡಿಸಲು ಊರಿನ ಆ ತುದಿಗೆ ಹೋಗಬೇಕಿತ್ತು. ಅದು ಕಾಲು ಮುರಿದುಕೊಂಡ ಸಂಗೀತದ ಟೀಚರದು, ಅವರು ಅಂಗಡಿಗೆ ಬರುವಂತಿರಲಿಲ್ಲ. ಅವತ್ತೂ ನಾನು ಹೋದದ್ದು ಅಳತೆಗೇ ಅಲ್ಲವೇ? ಇವರನ್ನು ತಳದಲ್ಲಿ ಬಿಟ್ಟು ಇವತ್ತೂ ಅಳತೆಗೇ ಹೋಗಬೇಕೆ? ಆ ಕೆಂಪು ಬೀಗ ಸರಿಯಾಗಿ ಕೂತಿದೆಯೋ ಇಲ್ಲವೋ. ಹಳೆಯದಾಗಿ ಸವೆದಿದ್ದರೆ? ಯಾರಾದರೂ ಎಳೆದಾಗ ಬಿಚ್ಚಿಕೊಂಡರೆ?

ಗೋಡೆಯ ಮೊಳೆಯಲ್ಲಿ ಅಂಗಡಿಯ ಶಟರಿನ ಬೀಗ ನೇತಾಡುತ್ತಿತ್ತು. ಪಕ್ಕದ ಅಂಗಡಿಯ ಬೀಗದ ಜೊತೆ ಅದಲುಬದಲಾಗದಿರಲೆಂದು ಅತ್ತೆ ಅದಕ್ಕೆ ಹಸಿರು ಬಟ್ಟೆಯ ಚಿಂದಿ ಕಟ್ಟಿದ್ದರು. ಅತ್ತೆ ಗುಂಡಿ ಡಬ್ಬಿಯಲ್ಲಿ ಕೈಯಾಡಿಸುತ್ತಿದ್ದಾಗ ಬೀಗವನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಮನೆಗೆ ಹೋಗಿ ಟೇಪು ತರ್ತೀನಿ" ಎಂದು ಹೊರಟೆ. ಟೇಪು ನನ್ನ ಕುತ್ತಿಗೆಯಲ್ಲೇ ಇತ್ತು.

ತಾರಸಿ ಮುಟ್ಟುವಷ್ಟರಲ್ಲಿ ಏದುಸಿರು. ಕೆಂಪು ಬೀಗವನ್ನು ಎಳೆದೆ, ಜಗ್ಗಿದೆ, ಅಲ್ಲಾಡಿಸಿದೆ. ಭದ್ರವಾಗಿತ್ತು. ಆದರೂ ನನ್ನ ಬೀಗವನ್ನು ಪಕ್ಕದ ತೂತಿಗೆ ಹಾಕಿ ಒತ್ತಿದೆ. ಟಕ್ ಎಂದಿತು. ಆ ಒಂದು ಸದ್ದಿಗೆ ನನ್ನ ಎದೆಯ ಡವಡವ ಇಳಿಯಿತು. ಇನ್ನು ಯಾರಿಗೆ ಎಷ್ಟು ಬೆಳಕು ಬೇಕಾದರೂ ನನ್ನನ್ನು ಕೇಳದೆ ಈ ಹಿಡಿ ಎತ್ತುವ ಹಾಗಿಲ್ಲ. ಬೀಗದ ಕೈಯನ್ನು ಪರ್ಸಿನ ಒಳಜಿಪ್ಪಿನಲ್ಲಿ ಹಾಕಿಕೊಂಡು ಇಳಿದು ಬಂದೆ, ಕೋಟು ಸುತ್ತಿಕೊಂಡು ಬಸ್ಸು ಹತ್ತಿದೆ. ಫೋನು ಮಿಷನ್ನಿನ ಮೇಲೆಯೇ ಉಳಿದದ್ದು ಗೊತ್ತಾದದ್ದು ಅರ್ಧ ದಾರಿಯಲ್ಲಿ.

ಟೀಚರಿಗೆ ಎರಡು ಸಲ ಪಿನ್ನು ಚುಚ್ಚಿದೆ. "ಮುರಿದಿರೋದು ಕಾಲು ಕಣಮ್ಮಾ, ಕೈ ನೆಟ್ಟಗಿದೆ, ಅದನ್ನಾದ್ರೂ ಬಿಡು" ಎಂದರು. ಹೂಂ ಅನ್ನಲೋ ಊಹೂಂ ಅನ್ನಲೋ ಎಂಬುದರಲ್ಲೇ ನನ್ನ ತಲೆ ಗಿರಗಿರ ತಿರುಗುತ್ತಿತ್ತು. ಬೀಗದ ವಿಷಯ ತಲೆಯಿಂದ ಪೂರ್ತಿ ಹಾರಿಹೋಗಿತ್ತು. ಹೊರಡುವಾಗ ಊಹೂಂ ಎಂದೇ ನಿರ್ಧರಿಸಿದ್ದೆ. ಹೇಳಿಬಿಟ್ಟರೆ ಹೆದರುವ ಕೆಲಸವಾದರೂ ತಪ್ಪುತ್ತದಲ್ಲ. ಬಸ್ಸು ಗಾಡಿಗಳ ನಡುವೆ ಸಿಕ್ಕಿಕೊಂಡು ನಿಂತಿತು. ಊಹೂಂ ಅಂದ ಮೇಲೆ ಅವರು ಟೀಗೂ ಬರುವುದಿಲ್ಲ ಎಂದು ಆಗ ಹೊಳೆಯಿತು. ಕಿಟಕಿಗೆ ಮುಖ ತಿರುಗಿಸಿ ಮೂಗು ಒರೆಸಿಕೊಂಡೆ.

ಬಸ್ಸಿಳಿದು ನಮ್ಮ ಬೀದಿಗೆ ತಿರುಗಿದೆ. ಕಟ್ಟಡದ ಮುಂದೆ ಜನ ಗುಂಪಾಗಿ ನಿಂತಿದ್ದರು.

ಆಮೇಲೆ ಓಡಿದೆನೋ ನಡೆದೆನೋ ಗೊತ್ತಿಲ್ಲ. ಎಲ್ಲರೂ ಗೊತ್ತಿದ್ದವರೇ, ಆಫೀಸು ಮುಗಿಸಿ ಬಂದವರು, ಕೈಯಲ್ಲಿ ಚೀಲ ಹಿಡಿದವರು, ಮಕ್ಕಳನ್ನು ಎತ್ತಿಕೊಂಡವರು. ನಾನು ನುಗ್ಗಿ ಬಂದದ್ದನ್ನು ಕಂಡು ಒಬ್ಬರು ಪಕ್ಕದವರನ್ನು ತಿವಿದರು. ಮಾತೆಲ್ಲ ಒಮ್ಮೆಲೇ ನಿಂತಿತು. ಎಲ್ಲರೂ ಸರಿದು ದಾರಿ ಬಿಟ್ಟರು.

ಅಯ್ಯೋ, ಅದೇ ದಾರಿ!

"ಎಲ್ಲಿದ್ದಾರೆ?" ಎಂದು ಕಿರುಚಿದೆ. "ಎಲ್ಲಿಗೆ ಕರ್ಕೊಂಡು ಹೋದ್ರಿ? ಯಾವ ಆಸ್ಪತ್ರೆ?"

"ಯಾರಮ್ಮಾ?" ಎಂದರು ಕಟ್ಟಡದ ಸೆಕ್ರೆಟರಿ.

"ಯಾರು ಅಂದ್ರೆ? ನಮ್ಮವರು!" ಎಂದು ಕೂಗಿಬಿಟ್ಟೆ. "ನಮ್ಮವರು ತಳದಲ್ಲಿದ್ರಲ್ಲ! ಏನಾಯ್ತು ನಮ್ಮವರಿಗೆ?"

ಮೂರನೇ ಮಹಡಿಯ ಬಾಯಿಬಡುಕಿ, ಬದುಕಿನಲ್ಲಿ ಒಮ್ಮೆಯೂ ಬಾಯಿ ಮುಚ್ಚದವಳು, ಅವತ್ತು ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಆಗ ಲಿಫ್ಟಿನ ಬಾಗಿಲ ಪಕ್ಕದಿಂದ ಅತ್ತೆಯ ದನಿ ಕೇಳಿತು.

"ಅರಚಬೇಡ. ನೆಟ್ಟಗಿದ್ದಾನೆ. ತಾರಸೀಲಿ ನಿನ್ನ ಬೀಗ ಕಾಯ್ತಾ ಕೂತಿದ್ದಾನೆ."

ಅತ್ತೆ ಅಂಗಡಿಯ ಕುರ್ಚಿಯನ್ನು ಅಲ್ಲಿಗೆ ತರಿಸಿಕೊಂಡು ಕೂತಿದ್ದರು. ಬೀಗ ಎಂದದ್ದೇ ತಡ, ನಾನು ಪರ್ಸನ್ನು ಎದೆಗೆ ಅವುಚಿಕೊಂಡೆ. ಜನರ ಬಾಯಿ ತೆರೆದುಕೊಂಡಿತು. ಸೆಕ್ರೆಟರಿ ಕೈಯಲ್ಲಿ ಒಂದು ಗರಗಸ ಹಿಡಿದಿದ್ದರು. "ಮಧ್ಯಾಹ್ನವೇ ಕೆಲಸ ಮುಗಿದಿದೆ. ಇಡೀ ಕಟ್ಟಡ ಮೆಟ್ಟಿಲು ಹತ್ತುತ್ತಿದೆ. ಬೀಗ ಕೊಯ್ತೀನಿ ಅಂದ್ರೆ ಆ ಮನುಷ್ಯ ಬಿಡಲ್ಲ. ಹಾಕಿದವರೇ ಬರ್ಬೇಕು, ಅಲ್ಲೀವರೆಗೂ ಆಳು ಒಳಗಿದ್ದಾನೆ ಅಂತಲೇ ಲೆಕ್ಕ, ಅಂತಾನೆ. ಒಳಗೆ ಯಾರಿದ್ದಾರೆ ಅಂದ್ರೆ ಗೊತ್ತಿಲ್ಲ ಅಂತಾನೆ!"

"ಲಿಫ್ಟಣ್ಣ ಬೀಗದ ಫೋಟೋ ತೆಗೆದು ಎಲ್ಲರಿಗೂ ತೋರಿಸಿದ್ರು, ಯಾರದು ಯಾರದು ಅಂತ" ಎಂದಳು ಬಾಯಿಬಡುಕಿ. "ನಿಮ್ಮತ್ತೆಗೂ ತೋರಿಸಿದ್ರು. ಇವರೂ ಗೊತ್ತಿಲ್ಲ ಅಂದುಬಿಟ್ರು!"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಎಲ್ಲರಿಗೂ ಕೈ ಬೀಸಿ, "ಹೋಗ್ರಪ್ಪಾ ಆ ಕಡೆ, ಅತ್ತೆ ಸೊಸೆ ಮಾತಾಡ್ಬೇಕು" ಎಂದರು. ಜನ ಸರಿದದ್ದು ಎರಡೇ ಹೆಜ್ಜೆ. ಕಿವಿಗಳು ಇಲ್ಲೇ ಇದ್ದವು.

"ಆ ಚಿಂದಿ ಕಟ್ಟಿದೋಳು ನಾನೇ ಕಣೇ" ಎಂದರು ಅತ್ತೆ. "ನನಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ ಅತ್ತೆ?"

"ಫೋಟೋ ನೋಡಿದಾಗ ಮಗ ನೆನಪಾದ. ಹೇಳೋಕೆ ಮನಸ್ಸು ಬರಲಿಲ್ಲ." ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವತ್ತು ನನ್ನ ಮಗನಿಗೆ ಯಾರೂ ಒಂದು ಬೀಗ ಹಾಕ್ಲಿಲ್ಲ. ಹಾಕಬಹುದು ಅಂತ ನಮಗೇ ಗೊತ್ತಿರ್ಲಿಲ್ಲ. ಇವತ್ತು ಯಾರೋ ಹೆತ್ತ ಮಗನಿಗೆ ನೀನು ಹಾಕಿದೀಯ. ಅದನ್ನ ಗರಗಸದಲ್ಲಿ ಕೊಯ್ಯಿ ಅಂತ ನಾನು ಹೇಳ್ಲಾ?"

ನನಗೆ ಅಳು ತಡೆಯಲಾಗಲಿಲ್ಲ. ಅವರ ಮಂಡಿಯ ಮೇಲೆ ತಲೆಯಿಟ್ಟೆ. "ಬೇಡ ಅಂತ ಹೇಳೋಕೆ ಹೊರಟಿದ್ದೆ ಅತ್ತೆ. ನಿಮ್ಮನ್ನ ಬಿಟ್ಟು ನಾನು..."

"ನನ್ನನ್ನ ಬಿಟ್ಟು ಎಲ್ಲಿಗೆ ಹೋಗ್ತೀಯಾ ಮಹಾ? ಅವನೇ ಬರಲಿ ಐದನೇ ಮಹಡಿಗೆ. ಲಿಫ್ಟ್ ರಿಪೇರಿಯೋನು ಮನೇಲೇ ಇದ್ರೆ ನನ್ನ ಮಂಡಿಗೂ ಒಳ್ಳೇದು." ನನ್ನ ಬೆನ್ನಿನ ಮೇಲೆ ಒಂದು ಗುದ್ದು ಹಾಕಿದರು. "ನೀನು ಅವನನ್ನ ಅಣ್ಣ ಅನ್ನೋದು ಬಿಟ್ಟ ದಿನವೇ ನನಗೆ ಗೊತ್ತಾಯ್ತು. ನೀನಾಗೇ ಹೇಳ್ಲಿ ಅಂತ ಕಾದೆ, ಕಾದೆ. ಈಗ ಇಡೀ ಕಟ್ಟಡಕ್ಕೇ ಹೇಳಿದ್ದಾಯ್ತು, ಅವನೊಬ್ಬನಿಗೆ ಹೇಳಿ ಬಾ. ಮಂಡಿಯಿಂದ ತಲೆ ಎತ್ತು, ನೋಯುತ್ತೆ."

ತಾರಸಿಯ ಕೋಣೆಯಲ್ಲಿ ಅವರು ಸ್ವಿಚ್ಚಿನ ಪಕ್ಕ ನೆಲದ ಮೇಲೆ ಕೂತಿದ್ದರು. ಅಂಗಿಯ ತುಂಬ ಗ್ರೀಸು. ಕೊಂಡಿಯಲ್ಲಿ ಎರಡು ಬೀಗಗಳೂ ಇದ್ದವು.

"ಕೆಲಸ ಮುಗಿದಿದೆಯಂತೆ. ನಿಮ್ಮ ಬೀಗ ಯಾಕ್ರೀ ಇನ್ನೂ ತೆಗೆದಿಲ್ಲ?"

"ಜೊತೆಗಿರೋರು ಹೊರಗೆ ಬರೋ ಮುಂಚೆ ನಾನು ಹೇಗೆ ತೆಗೀಲಿ?" ಎಂದರು. "ಹಸಿರು ಚಿಂದಿ ದಿನಾ ನೋಡ್ತೀನಲ್ಲ, ಬಂದ ತಕ್ಷಣ ಗೊತ್ತಾಯ್ತು. ಆದ್ರೂ ಎಲ್ಲರನ್ನೂ ಕೇಳಿದೆ. ನಿಮ್ಮ ಹೆಸರು ನನ್ನ ಬಾಯಿಂದ ಬರಬಾರದು ಅಂತ."

ಗೋಡೆಗೆ ಒರಗಿ ನಿಂತೆ. "ನೋಡಿ, ನಾನು ಹೀಗೇ. ನೀವು ತಡವಾದ್ರೆ ಸತ್ತಿದ್ದೀರಿ ಅಂತಲೇ ಅಂದ್ಕೊಳ್ತೀನಿ. ಸುತ್ತಿಗೆ ನಿಂತ್ರೆ ಕೂಗ್ತೀನಿ. ಇದು ವಾಸಿ ಆಗೋ ಕಾಯಿಲೆ ಅಲ್ಲ. ಹೂಂ ಅಂದ್ರೆ ದಿನಾ ಇದೇ ಗೋಳು."

"ನೀವು ಅವತ್ತು ನಾಲ್ಕು ಸಲ ಕೆಮ್ಮಿದ್ರಿ" ಎಂದರು ಅವರು. "ಮನೆಗೆ ಹೋದ್ಮೇಲೂ ಅದೇ ಕೇಳಿಸ್ತಿತ್ತು. ಊಟ ಸೇರಲಿಲ್ಲ. ಮೂರು ಅಂಗಡಿಗೆ ಹೋಗಿ ಮೂರು ಸಿರಪ್ಪು ತಂದೆ, ನೀವು ಬೈದ್ರಿ." ತಲೆ ತಗ್ಗಿಸಿ ಗ್ರೀಸಿನ ಕೈ ಒರೆಸಿಕೊಂಡರು. "ನನಗೂ ಅದೇ ಕಾಯಿಲೆ, ಟೈಲರಮ್ಮ. ಒಬ್ಬೊಬ್ಬರೇ ಹೆದರ್ಕೊಂಡು ಸಾಕಾಗಿದೆ."

ನಾನು ಪರ್ಸಿನ ಒಳಜಿಪ್ಪು ತೆರೆದು ಬೀಗದ ಕೈ ತೆಗೆದೆ. ಎರಡು ಸಲ ತೂತು ತಪ್ಪಿತು. ಅವರು ಸಹಾಯಕ್ಕೆ ಬರಲಿಲ್ಲ. ನನ್ನ ಬೀಗ, ನಾನೇ ತೆಗೆಯಬೇಕು. ತೆಗೆದ ಮೇಲೆ, "ಹೂಂ" ಎಂದೆ.

"ಏನು ಹೂಂ?"

"ಬೆಳಗಿನ ಟೀ."

ಅವರು ತಮ್ಮ ಬೀಗ ತೆಗೆದರು, ಹಿಡಿ ಎತ್ತಿದರು. ಮೋಟಾರು ಗುರ್ ಎಂದಿತು, ಕೆಳಗಡೆಯಿಂದ ಜನ ಹೋ ಎಂದು ಕೂಗಿದ್ದು ಮೆಟ್ಟಿಲಗುಂಟ ಮೇಲಕ್ಕೆ ಕೇಳಿಸಿತು.

ಲಿಫ್ಟಿನಲ್ಲೇ ಇಳಿದೆವು. ಬಾಗಿಲು ತೆರೆದಾಗ ಎದುರಿಗೇ ಅತ್ತೆ, ಕೋಲೂರಿ ಎದ್ದು ನಿಂತಿದ್ದರು. ಸೆಕ್ರೆಟರಿ ಒಳಗೆ ನುಗ್ಗಲು ಬಂದರೆ ಕೋಲು ಅಡ್ಡ ಹಿಡಿದರು. ತಾವೊಬ್ಬರೇ ಒಳಗೆ ಬಂದು ಐದರ ಗುಂಡಿ ಒತ್ತಿದರು. ಬಾಗಿಲು ಮುಚ್ಚಿತು. ಇವರು ಕೈಕಟ್ಟಿಕೊಂಡು ಮೂಲೆಗೆ ಒತ್ತರಿಸಿ ನಿಂತರು, ಪರೀಕ್ಷೆಗೆ ಬಂದ ಹುಡುಗನ ಹಾಗೆ. ಎರಡನೇ ಮಹಡಿ ದಾಟುವವರೆಗೂ ಅತ್ತೆ ಅವರನ್ನು ಮೇಲಿನಿಂದ ಕೆಳಗೆ ನೋಡಿದರು.

"ಆ ಕೊಂಡೀಲಿ ಎಷ್ಟು ತೂತಿದೆಯಪ್ಪಾ?"

"ಆರು, ಅಮ್ಮ."

"ನಿಂದು ಒಂದು, ಇವಳದ್ದು ಒಂದು." ಅತ್ತೆ ಅವರ ಗ್ರೀಸಿನ ತೋಳನ್ನು ಹಿಡಿದುಕೊಂಡರು, ಮಂಡಿಗೆ ಆಸರೆ ಬೇಕಾಗಿತ್ತೋ ಏನೋ. "ನಾಳೆ ಬರುವಾಗ ನನಗೂ ಒಂದು ಬೀಗ ತಗೊಂಡು ಬಾ. ನಾನು ಹತ್ತಿ ಬರೋಕಾಗಲ್ಲ, ನೀವೇ ಹಾಕಿ. ಅದರ ಕೈ ಮಾತ್ರ ನನ್ನ ಸೊಂಟದಲ್ಲೇ ಇರ್ಬೇಕು. ನೀನು ಮನೆಗೆ ಬಂದು ನನ್ನ ಮುಂದೆ ನಿಂತ ಮೇಲೇ ಕೊಡೋದು."